ಕಿಲೋಮೀಟರ್ ಕಲ್ಲಿನಿಂದ ಹದಿನಾಲ್ಕು ಹೆಜ್ಜೆ

ನಮ್ಮ ಹೊಲದ ಮುಂದೆ ಹಾಯ್ದುಹೋಗುವ ರಾಜ್ಯ ಹೆದ್ದಾರಿ ಆಳಂದದ ಕಡೆಯಿಂದ ಮಾದನಹಿಪ್ಪರಗಾ ಮೇಲೆ ಅಫಜಲಪುರಕ್ಕೆ ಬಂದು, ಮುಂದೆ ಭೀಮೆ ದಾಟಿ ಜೇವರ್ಗಿಯತ್ತ ಹೋಗುತ್ತದೆ. ಈ ದಾರಿಯಲ್ಲಿ ಮೂರು ವರ್ಷ ಆಳಂದದ ಕಾಲೇಜಿಗೆ ಓಡಾಡಿದವಳು ನಾನು. ಇಜೇರಿಯ ಚಿಕ್ಕಮ್ಮನ ಮನೆಗೆ ವರ್ಷಕ್ಕೆ ಎರಡು ಸಲ ಹೋಗುತ್ತೇನೆ. ಬಸ್ಸಿನಲ್ಲಿ ಕೂತಾಗ ಎಣಿಸುವುದು ರೂಢಿ. ನಮ್ಮೂರಿನಿಂದ ಆಳಂದದವರೆಗೆ ಇಪ್ಪತ್ತಾರು ಉಬ್ಬು, ಎಂಟು ಸಣ್ಣ ಸೇತುವೆ ಎಂದು ಡೈರಿಯಲ್ಲಿದೆ.

ರಸ್ತೆಯ ಹಳೆಯ ಸಂಗತಿಗಳನ್ನು ನನಗೆ ಹೇಳಿದವನು ಅಜ್ಜ. ಅವನ ಲೆಕ್ಕದಲ್ಲಿ ಅದು ಮೂರು ಸಲ ನಮ್ಮ ಹೊಲದೊಳಗೆ ಬಂದಿತ್ತು. ನಿಜಾಮರ ಕಾಲದಲ್ಲಿ ಬಂಡಿ ಜಾಡು ಅಗಲವಾದಾಗ ಅಜ್ಜನ ಅಪ್ಪ ಯಾರೂ ಕೇಳದೆಯೇ ಹೊಲದ ಗಡಿಯ ಬಾಂದನ್ನು ಎರಡು ಸಾಲು ಒಳಗೆ ಸರಿಸಿದ್ದ. ಆಮೇಲೆ ಬರಗಾಲದ ಕಾಮಗಾರಿಯಲ್ಲಿ ಊರವರೇ ಕಲ್ಲು ಒಡೆದು ಮುರುಮು ಹಾಕಿದರು, ಆಗ ಬೇವಿನ ಮರಗಳು ಹೋದವು. ಡಾಂಬರು ಬಂದಾಗ ಅದರ ಜೊತೆಗೆ ಚರಂಡಿಯೂ ಬಂತು. ಈ ಮೂರಕ್ಕೂ ಕಾಗದವಿಲ್ಲ. ನಾಲ್ಕನೆಯ ಸಲ ಮಾತ್ರ ನೋಟಿಸು ಬಂತು. ಅದು ಬರುವ ಹೊತ್ತಿಗೆ ಅಜ್ಜ ಇರಲಿಲ್ಲ, ಅವ್ವನೂ ಇರಲಿಲ್ಲ.

ಅವ್ವ ತೀರಿಕೊಂಡಾಗ ನಾನು ಆರನೇ ತರಗತಿಯಲ್ಲಿದ್ದೆ. ಜನವರಿ ಹದಿನಾರು, ಗುರುವಾರ. ಮರುದಿನ ಮಣ್ಣು ಮಾಡಿದರು. ನಮ್ಮಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲಿಯೇ, ಮಲಗಿಸದೆ ಕೂಡಿಸಿ ಹೂಳುತ್ತಾರೆ. ಆ ವರ್ಷ ಹೊಲದ ತುಂಬ ಕಬ್ಬಿತ್ತು. ಹವಳಗಾ ಕಾರ್ಖಾನೆಗೆ ಕಡಿಯುವ ಪಾಳಿ ಇನ್ನೂ ಬಂದಿರಲಿಲ್ಲ. ಖಾಲಿ ಇದ್ದದ್ದು ರಸ್ತೆಯ ಮಗ್ಗುಲಿನ ಮೂಲೆ ಒಂದೇ. ಟ್ರ್ಯಾಕ್ಟರ್ ತಿರುಗಿಸಲೆಂದು ಅಪ್ಪ ಅಲ್ಲಿ ಏನೂ ಹಾಕುತ್ತಿರಲಿಲ್ಲ. ಹಾಗಾಗಿ ಅವ್ವನನ್ನು ಅಲ್ಲಿ ಕೂಡಿಸಿದರು.

ಜನ ಕೈಕಾಲು ತೊಳೆಯಲು ಬಾವಿಯ ಕಡೆ ಹೋದಾಗ ನಾನು ರಸ್ತೆಯಂಚಿನ ಕಿಲೋಮೀಟರ್ ಕಲ್ಲಿಗೆ ಬೆನ್ನು ಹಚ್ಚಿ ನಿಂತು, ಅಲ್ಲಿಂದ ನೆಟ್ಟಗೆ ಮಣ್ಣಿನ ಗುಡ್ಡೆಯ ನಡುವಿನವರೆಗೆ ನಡೆದೆ. ಹಸಿರು ತಲೆಯ ಕಲ್ಲು ಅದು, ಅಫಜಲಪುರ ಒಂಬತ್ತು ಎಂದು ಬರೆದಿತ್ತು. ಡೈರಿಯ ಆ ದಿನದ ಪುಟದಲ್ಲಿ ಎರಡೇ ಸಾಲುಗಳಿವೆ. ಬಂದವರು ಅರವತ್ಮೂರು. ಕಲ್ಲಿನಿಂದ ಹದಿನಾಲ್ಕು ಹೆಜ್ಜೆ. ಅತ್ತೆನೋ ಇಲ್ಲವೋ ಬರೆದಿಲ್ಲ. ನೆನಪೂ ಇಲ್ಲ.

ಗುಡ್ಡೆಯ ಮೇಲೆ ಅಪ್ಪ ಒಂದು ಕಲ್ಲು ಇಟ್ಟಿದ್ದ. ಕಟ್ಟೆ ಕಟ್ಟಿಸಬೇಕು ಎಂದು ಪ್ರತಿ ವರ್ಷ ಅನ್ನುತ್ತಿದ್ದ. ಮೂರು ಮಳೆಗಾಲಕ್ಕೆ ಗುಡ್ಡೆ ಕುಸಿದು ನೆಲಸಮವಾಯಿತು. ಆಮೇಲೆ ರಸ್ತೆಯ ಪಕ್ಕ ಫೋನಿನ ಕೇಬಲ್ ಹಾಕುವವರು ಬಂದು ತಗ್ಗು ತೋಡಿ, ತೆಗೆದ ಮಣ್ಣನ್ನು ಆ ಮೂಲೆಯಲ್ಲಿ ಸುರಿದು, ಹೋಗುವಾಗ ಹರವಿ ಹೋದರು. ಅವ್ವನ ಕಲ್ಲು ಬಾಂದಿನ ಮೇಲೆ ಸಿಕ್ಕಿತು. ಅಪ್ಪ ಅದನ್ನು ಅಂದಾಜಿನ ಮೇಲೆ ತಂದಿಟ್ಟ.

ಈ ವರ್ಷ ಮಾರ್ಚ್ ನಾಲ್ಕರಂದು ರಸ್ತೆ ಅಗಲ ಮಾಡುವುದಕ್ಕೆ ಅಳೆಯುವವರು ಬಂದರು. ಟೇಪು ಹಿಡಿದವನು ನನಗಿಂತ ಐದಾರು ವರ್ಷ ದೊಡ್ಡವನಿರಬೇಕು. ಮರ ಎಷ್ಟು, ಬಾವಿ ಇದೆಯೇ, ಪೈಪ್‌ಲೈನ್ ಎಲ್ಲಿ ಹಾಯುತ್ತದೆ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡ. ಅಪ್ಪ ಅವ್ವನ ವಿಷಯ ಹೇಳಿದ. ಅವನು ಪೆನ್ನು ತಡೆದು, ಆ ಮೂಲೆಯ ಕಡೆ ನೋಡಿದ.

"ಕಟ್ಟೆ ಗಿಟ್ಟೆ ಏನರ ಕಟ್ಟೀರೇನ್ರಿ ಕಾಕಾ?"

"ಇಲ್ರಿ. ಕಲ್ಲು ಅದ."

"ಬರೀ ಕಲ್ಲಿಗಿ ನನ್ನ ಹಾಳ್ಯಾಗ ಜಾಗ ಇಲ್ರಿ. ಗೂಟದ ಒಳಗ, ರಸ್ತಾದಾಗ ಬರ್ತದಂದ್ರ ತಹಶೀಲ್ದಾರ್ ಸಾಹೇಬ್ರಿಗಿ ಅರ್ಜಿ ಕೊಡ್ರಿ. ಎತ್ತಲಾಕ ಪರವಾನಗಿ ಕೊಡ್ತಾರ."

ಕೆಂಪು ಬಣ್ಣ ಬಳಿದ ಗೂಟ ಹೊಡೆದು ಅವರು ಮುಂದಿನ ಹೊಲಕ್ಕೆ ಹೋದರು. ಅಪ್ಪ ಇಟ್ಟಿದ್ದ ಕಲ್ಲು ಗೂಟದ ಸಾಲಿನ ಮೇಲೆಯೇ ಇತ್ತು, ಅರ್ಧ ಆಚೆ, ಅರ್ಧ ಈಚೆ.

ಶನಿವಾರ ಚಿಕ್ಕಮ್ಮ ಇಜೇರಿಯಿಂದ ಬಂದಳು. ಅವಳು ಅವ್ವನ ತಂಗಿ. ಅಕ್ಕನ ಮೇಲೆ ಲಾರಿ ಓಡಾಡುವುದನ್ನು ತಾನು ನೋಡಲಾರೆ, ರಸ್ತೆಯಲ್ಲಿ ಬರುವುದಾದರೆ ಎತ್ತಿ ಬೇರೆ ಕಡೆ ಇಡಬೇಕು, ಸ್ವಾಮಿಗಳನ್ನು ತಾನೇ ಕರೆತರುತ್ತೇನೆ ಎಂದಳು. ಮೊದಲು ಅಕ್ಕ ಎಲ್ಲಿದ್ದಾಳೆ ಹೇಳಿ ಎಂದು ಕೇಳಿದಳು. ಅಪ್ಪ ಒಂದು ಕಡೆ ನಿಂತ. ಅವಳು ನಾಲ್ಕು ಮಾರು ಆಚೆ ಹೋಗಿ ನಿಂತು, ಇಲ್ಲಿ ಎಂದಳು.

"ಮಾವ, ಬಾಂದಿನ ಕಲ್ಲು ಒಂದೊಂದೂ ನಿಮಗ ಗೊತ್ತು. ಹೇಣ್ತಿ ಎಲ್ಲಿ ಕುಂತಾಳ ಗೊತ್ತಿಲ್ಲ."

ಅಪ್ಪ ನೆಲ ನೋಡುತ್ತಲೇ ಹೇಳಿದ: "ಕುಂತಾಕಿನ್ನ ಎಬ್ಬಸೂದು ನನ್ನ ಕೈಲೆ ಆಗೂದಿಲ್ಲ."

ಅವನು ಅವ್ವನ ಬಗ್ಗೆ ಹೀಗೆ ಮಾತಾಡಿದ್ದು ನಾನು ಕೇಳಿ ಬಹಳ ದಿನವಾಗಿತ್ತು. ಆಮೇಲೆ ನನ್ನ ಕಡೆ ತಿರುಗಿ, ಡೈರಿಯಲ್ಲಿ ಏನಾದರೂ ಬರೆದಿದ್ದೀಯಾ ಎಂದು ಕೇಳಿದ. ಹದಿನಾಲ್ಕು ಹೆಜ್ಜೆ ಎಂದು ಬರೆದಿದೆ, ನಾಳೆ ಪುಸ್ತಕ ತಂದು ಅಳೆದು ತೋರಿಸುತ್ತೇನೆ ಎಂದೆ. ಚಿಕ್ಕಮ್ಮನೂ ಅದಕ್ಕೆ ಒಪ್ಪಿದಳು. ಎಲ್ಲಿ ಬಂದರೂ ಅದೇ ಕೊನೆಯ ಮಾತು ಎಂದಾಯಿತು.

ಭಾನುವಾರ ಬೆಳಿಗ್ಗೆ ಅವರಿಗಿಂತ ಮೊದಲು ಎದ್ದು ನಾನು ಶಾಲೆಯ ಕಡೆ ಹೋದೆ. ಆರನೇ ತರಗತಿಯ ಡೈರಿಯಲ್ಲಿ ಮನೆಯ ಹೊಸ್ತಿಲಿನಿಂದ ಶಾಲೆಯ ಗೇಟಿಗೆ ಆರುನೂರ ಹನ್ನೆರಡು ಹೆಜ್ಜೆ ಎಂದಿತ್ತು. ಈಗ ನಡೆದರೆ ನಾನೂರ ಎಂಬತ್ತು. ಮನೆಯೂ ಗೇಟೂ ಸರಿದಿಲ್ಲ, ಓಣಿಯೂ ಅದೇ. ಅಂದರೆ ಅಂದಿನ ಹದಿನಾಲ್ಕು ಹೆಜ್ಜೆ ಇಂದಿನ ಹನ್ನೊಂದಕ್ಕೆ ಸಮ. ಹೊಲಕ್ಕೆ ಹೋಗಿ ಕಿಲೋಮೀಟರ್ ಕಲ್ಲಿನಿಂದ ಗೂಟದ ಸಾಲಿಗೆ ನಡೆದೆ. ಹದಿಮೂರು. ಅವ್ವ ರಸ್ತೆಯೊಳಗೆ ಎರಡು ಹೆಜ್ಜೆಯಷ್ಟು ಬರುತ್ತಾಳೆ. ಈ ಲೆಕ್ಕವನ್ನು ಡೈರಿಯ ಹಿಂದಿನ ಹಾಳೆಯಲ್ಲಿ ಮಾಡಿ, ಮತ್ತೊಮ್ಮೆ ಮಾಡಿ ನೋಡಿದೆ. ಅಷ್ಟೇ ಬಂತು.

ಅಪ್ಪ, ಚಿಕ್ಕಮ್ಮ ಬಂದಾಗ ನಾನು ಕಲ್ಲಿಗೆ ಬೆನ್ನು ಹಚ್ಚಿ ನಿಂತಿದ್ದೆ. ಹಳೆಯ ಪುಟವನ್ನು ಚಿಕ್ಕಮ್ಮನ ಕೈಗೆ ಕೊಟ್ಟು, ಜೋರಾಗಿ ಎಣಿಸುತ್ತ ನನ್ನ ಈಗಿನ ಹೆಜ್ಜೆಯಲ್ಲಿಯೇ ಹದಿನಾಲ್ಕು ನಡೆದೆ. ಗೂಟದ ಸಾಲು ದಾಟಿ ಒಂದು ಹೆಜ್ಜೆ ಹೊಲದೊಳಗೆ ನಿಂತೆ. ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ಅನಿಸಲಿಲ್ಲ. ಏನೂ ಅನಿಸಲಿಲ್ಲ. ಚಿಕ್ಕಮ್ಮ ನನ್ನ ಕಾಲಿನ ಹತ್ತಿರ ಕೂತು ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅಪ್ಪ ಅವ್ವನ ಕಲ್ಲನ್ನು ಎತ್ತಿ ತಂದು ಅಲ್ಲಿಟ್ಟ. ಅಲ್ಲಿ ಬೇಡ, ಇನ್ನೂ ಒಂದು ಹೆಜ್ಜೆ ಒಳಗಿಡೋಣ ಎಂದು ಅವನೇ ಸರಿಸಿದ.

ಆ ತಿಂಗಳೇ ಅಲ್ಲಿ ಕಟ್ಟೆಯಾಯಿತು. ಇಟ್ಟಿಗೆ, ಸಿಮೆಂಟು, ಮೇಲೆ ಶಹಾಬಾದಿ ಕಲ್ಲು. ಹನ್ನೊಂದು ವರ್ಷ ಆಗದ ಕೆಲಸ ನಾಲ್ಕು ದಿನದಲ್ಲಿ ಮುಗಿಯಿತು. ಅಮಾವಾಸ್ಯೆಗೆ ಅಪ್ಪ ಅಲ್ಲಿ ಕಾಯಿ ಒಡೆಯುತ್ತಿದ್ದ. ನಾನು ಪಕ್ಕದಲ್ಲಿ ನಿಲ್ಲುತ್ತಿದ್ದೆ.

ನವೆಂಬರ್ ಹನ್ನೊಂದು, ಮಂಗಳವಾರ ಜೆಸಿಬಿ ನಮ್ಮ ಹೊಲದ ಮುಂದೆ ಬಂತು. ಕಿಲೋಮೀಟರ್ ಕಲ್ಲನ್ನು ಮೊದಲ ಏಟಿಗೇ ಕಿತ್ತು ಪಕ್ಕಕ್ಕೆ ಹಾಕಿದರು. ತೊಗರಿ ನೋಡಿಕೊಳ್ಳಲು ಬಂದವಳ ಹಾಗೆ ನಾನು ಬಾಂದಿನ ಮೇಲೆ ಕೂತು ಬಕೆಟ್ ಎಣಿಸಿದೆ. ಹನ್ನೊಂದನೆಯ ಹೆಜ್ಜೆ ಎಲ್ಲಿ ಬೀಳುತ್ತದೆ ಎಂಬುದನ್ನು ಹಿಂದಿನ ಸಂಜೆಯೇ ನೋಡಿ ಇಟ್ಟುಕೊಂಡಿದ್ದೆ. ಆ ಜಾಗದಲ್ಲಿ ನಲವತ್ತೆರಡು ಬಕೆಟ್ ಮಣ್ಣು ಎತ್ತಿದರು. ನನ್ನ ಸೊಂಟದಷ್ಟು ತಗ್ಗು ಬಿತ್ತು. ಮೇಲೆ ಕೆಂಪು ಮುರುಮು, ಕೆಳಗೆ ಎರೆಮಣ್ಣು, ಬೇವಿನ ಬೇರು, ಕೇಬಲ್ಲಿನ ಒಂದು ತುಂಡು. ಊಟದ ಹೊತ್ತಿಗೆ ಜೆಸಿಬಿ ನಿಲ್ಲಿಸಿ ಅದರ ಡ್ರೈವರ್ ಬಾವಿಯ ಕಡೆ ಹೋದ.

ಅಪ್ಪ ಬೆಳಿಗ್ಗೆಯಿಂದ ಹೊಲದ ಇನ್ನೊಂದು ತುದಿಯಲ್ಲಿದ್ದ, ಈ ಕಡೆ ಬಂದಿರಲಿಲ್ಲ. ಈಗ ರೊಟ್ಟಿ ಗಂಟು ಹಿಡಿದು ಬಂದ. ಕಟ್ಟೆಯನ್ನು ದಾಟಿ ನೇರ ತಗ್ಗಿನ ಅಂಚಿಗೆ ಬಂದು ನಿಂತು ಒಳಗೆ ನೋಡಿದ.

"ಏನರ ಬಂತೇನು?"

ನಾನು ಇಲ್ಲ ಎಂದು ತಲೆ ಆಡಿಸಿದೆ. ಬೇರು ಬಂತು ಎಂದೆ.

ಅವನು ಬಲಗೈಯನ್ನು ತನ್ನ ಎದೆಯ ಕೆಳಗೆ ಅಡ್ಡ ಹಿಡಿದ. "ಆವಾಗ ನೀ ಇಷ್ಟೇ ಇದ್ದಿ ಬೇ. ನಿನ್ನ ಹೆಜ್ಜಿ ಎಷ್ಟು ಇರ್ತಾವ, ನನಗ ಗೊತ್ತಿಲ್ಲೇನು."

ನಾನು ಎದ್ದು ಅವನ ಪಕ್ಕ ನಿಂತೆ.

"ನಿಮ್ಮವ್ವನ ಕುಣಿ ಭಾಳ ಆಳ ತಗದೀವಿ," ಎಂದ. "ಈ ಮಷೀನು ಅಷ್ಟು ಕೆಳಗ ಹೋಗೂದಿಲ್ಲ."

ನಾವು ಬಾಂದಿನ ಮೇಲೆ ಕೂತೆವು. ಅಪ್ಪ ಕಟ್ಟೆಗೆ ಬೆನ್ನು ಕೊಟ್ಟು, ತಗ್ಗಿನ ಕಡೆ ಮುಖ ಮಾಡಿ ಗಂಟು ಬಿಚ್ಚಿದ. ಮೊದಲ ರೊಟ್ಟಿಯ ಚೂರು ಮುರಿದು, ಮೇಲೆ ಸ್ವಲ್ಪ ಶೇಂಗಾ ಹಿಂಡಿ ಇಟ್ಟು, ಕೈಚಾಚಿ ತಗ್ಗಿನ ಅಂಚಿನಲ್ಲಿ ಇಟ್ಟ. ಆಮೇಲೆ ನನಗೆ ಕೊಟ್ಟ. ಡ್ರೈವರ್ ಊಟ ಮುಗಿಸಿ ಬಂದು ಮತ್ತೆ ಇಂಜಿನ್ ಚಾಲೂ ಮಾಡುವ ತನಕ ಅದು ಅಲ್ಲಿಯೇ ಇತ್ತು.