ಪಾವಿನಲ್ಲಿ ಅಳೆದ ಸೀಗಡಿ

ಸೀಗಡಿಯನ್ನು ಪಾವಿನಲ್ಲಿ ಅಳೆದು ಕೊಡುವುದನ್ನು ನಾನು ಮೊದಲ ಸಲ ಕಂಡದ್ದು ನಂಜನಗೂಡಿನ ಸಂತೆಯಲ್ಲಿ. ಹುರುಳಿ ಅಳೆದ ಹಾಗೆ. ಗೋಣಿಚೀಲದ ಬಾಯಿ ಮಡಚಿಟ್ಟುಕೊಂಡು ಕೂತಿದ್ದ ಹೆಂಗಸು, ಉಗುರಿನಷ್ಟುದ್ದದ ಒಣ ಸೀಗಡಿಯನ್ನು ಪಾವಿಗೆ ತುಂಬಿ, ಮೇಲಿಷ್ಟು ಕೊಸರು ಹಾಕಿ, ನನ್ನ ಚೀಲಕ್ಕೆ ಸುರಿಯಲು ಬಂದಳು. ನಮ್ಮ ಕುಂದಾಪುರದ ಕಡೆಯೂ ಒಣಗಿದ್ದು ಇದೆ, ಇಲ್ಲವೆನ್ನುವುದಿಲ್ಲ. ಮಳೆಗಾಲದಲ್ಲಿ ದೋಣಿ ಇಳಿಯದ ದಿನ ಚಟ್ನಿಗೆ ಬೇಕಾಗುತ್ತದೆ. ನಮಗೆ ಅದು ಗತಿಯಿಲ್ಲದ ದಿನದ ಊಟ, ಇವರಿಗೆ ಅದೇ ಹಬ್ಬದೂಟ.

"ಹಸಿಯದು ಇಲ್ವಾ?" ಎಂದು ಕೇಳಿದೆ.

"ಅಸೀದಾ? ಅಸೀದ್ನ ಯಾರ್ ತಿಂದಾರು ಕಣಕ್ಕ, ವಾಕರ್ಕೆ ಬತ್ತದೆ" ಎಂದು ನಕ್ಕಳು. ಪಕ್ಕದಲ್ಲಿ ಬದನೆಕಾಯಿ ಮಾರುತ್ತಿದ್ದವನೂ ನಕ್ಕ. ಸಮುದ್ರ ನೋಡದವರ ಮುಂದೆ ಸೀಗಡಿಯ ವಿಷಯದಲ್ಲಿ ನಗೆಪಾಟಲಾದೆನಲ್ಲ ಎಂದು ಮೈಯೆಲ್ಲ ಉರಿದುಹೋಯಿತು.

ಇದು ಐದು ವರ್ಷದ ಹಿಂದಿನ ಮಾತು. ಗಂಡನಿಗೆ ತಿ. ನರಸೀಪುರದ ಕಚೇರಿಗೆ ವರ್ಗವಾಗಿತ್ತು, ನನಗೆ ತಾಂಡವಪುರದ ಹತ್ತಿರದ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತ್ತು. ಇಬ್ಬರಿಗೂ ಅನುಕೂಲವೆಂದು ನಂಜನಗೂಡಿನಲ್ಲಿ ಮನೆ ಹುಡುಕಿದೆವು. ಮಗಳು ಮಾನ್ಯ ಆಗ ಎರಡು ವರ್ಷದವಳು. ಹೋದಲ್ಲೆಲ್ಲ ಒಂದೇ ಪ್ರಶ್ನೆ: ಏನು ತಿನ್ನುತ್ತೀರಿ? ಸಸ್ಯಾಹಾರಿಗಳು ಬಾಗಿಲು ಹಾಕಿಕೊಂಡದ್ದು ಅರ್ಥವಾಗುತ್ತದೆ. ಆದರೆ ಭಾನುವಾರ ಇಡೀ ಬೀದಿಗೆ ಗೊತ್ತಾಗುವಂತೆ ಬಾಡಿನ ಸಾರು ಕುದಿಸುವವರು ಕೂಡ "ಬಾಡು ಮಾಡ್ಕಳಿ, ಬ್ಯಾಡ ಅನ್ನಲ್ಲ. ಮೀನು ಮಾತ್ರ ಬ್ಯಾಡಿ, ವಾಸ್ನೆ" ಎಂದರು. ಬಾಡು ಎಂದರೆ ಇಲ್ಲಿ ಕುರಿ, ಕೋಳಿಯ ಮಾಂಸ. ಕುರಿಯ ತಲೆಯನ್ನು ಸೌದೆ ಬೆಂಕಿಯಲ್ಲಿ ಸುಡುವುದು ಇವರ ಮೂಗಿಗೆ ಪರಿಮಳವಂತೆ.

ಕೊನೆಗೆ ಒಪ್ಪಿದವರು ರತ್ನಮ್ಮ. ಸುತ್ತೂರಿನ ಹತ್ತಿರದ ಹಳ್ಳಿಯಿಂದ ಬಂದು, ಪೇಟೆಯಲ್ಲಿ ಮನೆ ಕಟ್ಟಿಸಿ, ಹಿತ್ತಲಲ್ಲಿ ಇನ್ನೂ ಎರಡು ಹಸು ಕಟ್ಟಿಕೊಂಡಿರುವ ಅರವತ್ತರ ಹೆಂಗಸು. "ತಿನ್ನೋ ವಸ್ತುಗೆ ಏನವ್ವಾ, ಮಾಡ್ಕಳಿ. ಸ್ವಾಮಾರ ಒಂದ್ ಬುಟ್ಬುಡಿ" ಎಂದರು. ಸ್ವಾಮಾರ ಎಂದರೆ ಸೋಮವಾರ, ನಂಜುಂಡೇಶ್ವರನ ವಾರ. ಅವತ್ತು ಈ ಊರಿನಲ್ಲಿ ಮೊಟ್ಟೆ ಒಡೆಯುವುದಕ್ಕೂ ಹಿಂದೆ ಮುಂದೆ ನೋಡುತ್ತಾರೆ. ಕೆಳಗೆ ಅವರು, ಮೇಲೆ ನಾವು.

ಊಟದ ವಿಷಯ ಬರೆದರೆ ನಮ್ಮೂರಿನವರು ನಂಬಲಿಕ್ಕಿಲ್ಲ. ಇಲ್ಲಿ ರಾಗಿಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಅಗಿದವರನ್ನು ನೋಡಿ ನಗುತ್ತಾರೆ. ಉಪ್ಸಾರು ಎಂದು ಒಂದಿದೆ. ಕಾಳು, ಸೊಪ್ಪು ಬೇಯಿಸಿ ಬಸಿದ ನೀರಿಗೆ ಉಪ್ಪು ಹಾಕುತ್ತಾರೆ, ಅರೆದ ಖಾರವನ್ನು ತಟ್ಟೆಯ ಅಂಚಿಗೆ ಇಟ್ಟುಕೊಳ್ಳುತ್ತಾರೆ, ಮುಗಿಯಿತು. ಅದನ್ನು ಸಾರು ಎಂದು ಕರೆಯುವ ಧೈರ್ಯ ಇವರಿಗೆ ಮಾತ್ರ ಇದೆ. ತೆಂಗಿನಕಾಯಿಯನ್ನು ಔಷಧಿಯಷ್ಟು ಹಾಕುತ್ತಾರೆ. ಕುಚ್ಚಲಕ್ಕಿ ಕೇಳಿದ್ದಕ್ಕೆ ಅಂಗಡಿಯವನು "ಅದು ಕೋಳಿಗ್ ಆಕದಾ ಮೇಡಮ್?" ಎಂದ. ಇದನ್ನೆಲ್ಲ ನಾನು ದಿನವೂ ಊಟದ ಹೊತ್ತಿಗೆ ಗಂಡನ ಮುಂದೆ, ಮಗಳ ಮುಂದೆ ಹೇಳಿ ಹೇಳಿ ಹೊಟ್ಟೆಯುರಿ ತೀರಿಸಿಕೊಳ್ಳುತ್ತಿದ್ದೆ.

ಒಂದು ಸಲ ಗಂಡ ನರಸೀಪುರದ ಸಂಗಮದ ದಡದಿಂದ ಹೊಳೆ ಸೀಗಡಿ ತಂದರು. "ಒಳೇದು ಸಾ, ಇನ್ನೂ ಜೀವ ಅದೆ" ಎಂದಿದ್ದನಂತೆ ಮಾರಿದವನು. ಜೀವವಿತ್ತು, ರುಚಿಯಿರಲಿಲ್ಲ. ನಮ್ಮೂರಲ್ಲಿ ಸೀಗಡಿಗೆ ಚಟ್ಲಿ ಎನ್ನುತ್ತೇವೆ; ಉಪ್ಪುನೀರು ಕುಡಿಯದ ಚಟ್ಲಿಯನ್ನು ಚಟ್ಲಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅಂದಿನಿಂದ ಮೈಸೂರಿಗೆ ಹೋದಾಗಲೆಲ್ಲ ಸಮುದ್ರದ್ದೇ ಹೆಪ್ಪುಗಟ್ಟಿಸಿದ ಪೊಟ್ಟಣ ತರುತ್ತೇನೆ. ಊರಿನಲ್ಲಿ ಅಮ್ಮ ಬೆಕ್ಕಿಗೂ ಹಾಕದಂಥದ್ದು. ಆದರೂ ಕೆಲಸದ ದಿನಕ್ಕೆ ಅದಕ್ಕಿಂತ ಸುಲಭದ ಅಡುಗೆ ಇಲ್ಲ. ಬೆಳಿಗ್ಗೆ ಸಿಪ್ಪೆ ತೆಗೆದು, ಬೆನ್ನಿನ ಕಪ್ಪು ನರ ಎಳೆದು, ನೀರು ಬಸಿದು, ಬ್ಯಾಡಗಿ ಮೆಣಸು ಬೆಳ್ಳುಳ್ಳಿ ಅರೆದ ಮಸಾಲೆಗೆ ಅರಿಸಿನ ಉಪ್ಪು ಸೇರಿಸಿ ಸವರಿ ಫ್ರಿಜ್ಜಿನಲ್ಲಿಡುತ್ತೇನೆ. ಹುಳಿ ಮಾತ್ರ ಸಂಜೆಗೆ, ಬೆಳಿಗ್ಗೆಯೇ ಹಾಕಿದರೆ ಗಟ್ಟಿಯಾಗುತ್ತದೆ. ಸಂಜೆ ಬಂದು ಹುಣಸೆರಸ ಕಲಸಿ, ಕಾವಲಿಗೆ ತೆಂಗಿನೆಣ್ಣೆ ಬಿಟ್ಟು, ಈ ಮಗ್ಗುಲು ಎರಡು ನಿಮಿಷ, ಆ ಮಗ್ಗುಲು ಎರಡು ನಿಮಿಷ. ಸುರುಟಿಕೊಂಡು ಕೆಂಪಾದ ಕೂಡಲೇ ಇಳಿಸಿಬಿಡಬೇಕು.

ಮಾನ್ಯ ಅದನ್ನು ತಿನ್ನುವುದಿಲ್ಲ. ಈಗ ಅವಳಿಗೆ ಏಳು ವರ್ಷ. "ಉಳ ಕಣಮ್ಮಾ ಅದು" ಎನ್ನುತ್ತಾಳೆ, ಹುಳ ಎನ್ನಲೂ ಬಾರದ ಈ ಊರಿನ ನಾಲಿಗೆಯಲ್ಲಿ. ಕಳೆದ ಮೇ ರಜೆಯಲ್ಲಿ ಅಮ್ಮ ನಸುಕಿನಲ್ಲೇ ಬಂದರಿಗೆ ಹೋಗಿ ದೊಡ್ಡ ಚಟ್ಲಿ ತಂದು, ಹುರಿದು, ಮೊಮ್ಮಗಳ ತಟ್ಟೆಗೆ ಮೊದಲು ಬಡಿಸಿದರು. ಇವಳು ತಟ್ಟೆ ದೂಡಿ ಅದೇ ಮಾತು ಹೇಳಿದಳು. "ಇದ್ ನಮ್ಮನಿ ಹೆಣ್ಣಲ್ಲ ಕಾಣ್" ಎಂದು ಅಮ್ಮ ಎದ್ದು ಒಳಗೆ ಹೋದರು. ತಮಾಷೆಗೆ ಹೇಳಿದ್ದಲ್ಲ. ಆ ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಮುಂದಿನ ಮೇ ಬರುವುದರೊಳಗೆ ಇವಳ ಬಾಯಿಗೆ ಚಟ್ಲಿ ಹತ್ತಿಸಲೇಬೇಕು, ಅಮ್ಮನ ತಟ್ಟೆಯ ಮುಂದೆ ಇವಳನ್ನು ಕೂರಿಸಲೇಬೇಕು ಎಂದು ಹಟ ಹಿಡಿದೆ. ಮೊಟ್ಟೆಯಲ್ಲಿ ಅದ್ದಿ ಕರಿದೆ, ಖಾರ ಕಡಿಮೆ ಮಾಡಿದೆ, ರಮಿಸಿದೆ, ಬೈದೆ, ಒಂದು ದಿನ ಹೊಡೆದೂಬಿಟ್ಟೆ. ಅವಳು ಅಳುತ್ತ ಮೆಟ್ಟಿಲಿಳಿದು ರತ್ನಮ್ಮನ ಮನೆಯಲ್ಲಿ ಉಪ್ಸಾರು ಮುದ್ದೆ ನುಂಗಿ ಬಂದಳು.

ಇಂಥದ್ದರಲ್ಲಿ ಮೊನ್ನೆ ಬುಧವಾರ ಸಂಜೆ, ನನ್ನ ಪಾಳಿ ಬಿಡಿಸಬೇಕಿದ್ದವಳು ಎರಡು ಗಂಟೆ ತಡ ಮಾಡಿದಳು. ಗಂಡ ಇನ್ನೂ ನರಸೀಪುರದಲ್ಲೇ ಇದ್ದರು. ಶಾಲೆ ಬಿಟ್ಟ ಮೇಲೆ ಮಾನ್ಯ ರತ್ನಮ್ಮನ ಬಳಿಯೇ ಇರುವುದು, ನಮ್ಮ ಮನೆಯ ಇನ್ನೊಂದು ಕೀಲಿಯೂ ಅವರಲ್ಲಿದೆ. ಫೋನು ಮಾಡಿ, ಫ್ರಿಜ್ಜಿನಲ್ಲಿ ಮಸಾಲೆ ಸವರಿದ ಸೀಗಡಿಯ ಡಬ್ಬಿ ಇದೆ, ಕಾವಲಿಯಲ್ಲಿ ಎಣ್ಣೆ ಬಿಟ್ಟು ಎರಡೆರಡು ನಿಮಿಷ ಹುರಿದು ಮಗುವಿಗೆ ಅನ್ನದ ಜೊತೆ ಕೊಡಿ, ತಿನ್ನದಿದ್ದರೂ ಒಂದೆರಡು ಬಾಯಿಗಿಡಿ ಎಂದೆ. "ಆಯ್ತು ಕಣವ್ವಾ, ನೀವ್ ನಿಧಾನವಾಗಿ ಬನ್ನಿ" ಎಂದರು.

ಮನೆ ಮುಟ್ಟಿದಾಗ ಎಂಟು ಗಂಟೆ. ರತ್ನಮ್ಮನ ಅಡುಗೆಮನೆಯಲ್ಲಿ ನನ್ನ ಡಬ್ಬಿ ತೊಳೆದು ಬೋರಲು ಹಾಕಿತ್ತು. ಒಲೆಯ ಮೇಲೆ ಬದನೆಕಾಯಿ ಗೊಜ್ಜು, ಅದರೊಳಗೆ ಅಲ್ಲೊಂದು ಇಲ್ಲೊಂದು ಕಂದು ಬಣ್ಣದ ಗಂಟು.

"ಇದೇನಿದು ರತ್ನಮ್ಮ?"

"ಸೀಗಡಿ ಕಣ್ರೀ. ನೀವು ಉಪ್ಪುಕಾರ ಮೆತ್ತಿ ಮಡಗಿದ್ರಿ, ಬಿಸ್ಲಿಗಾಕದ್ ಮರ್ತಿದ್ರಿ ಅನ್ಸ್ತದೆ. ಎಲ್ಲಾ ಅಸೀದೇ ಇತ್ತು. ಅದ್ಕೇ ಮಸಾಲೆ ಎಲ್ಲಾ ಚೆನ್ನಾಗ್ ತೊಳ್ದು, ಬರೀ ಬಾಂಡ್ಲೀಲಿ ನೀರ್ ಇಂಗಿ ಗರಗರ ಅನ್ನಗಂಟ ಉರ್ದೆ. ಆಮೇಲೆ ಗೊಜ್ಜಿಗಾಕ್ದೆ."

"ಎರಡು ನಿಮಿಷ ಅಂತ ಹೇಳಿದ್ದೆನಲ್ಲ!"

"ಎಲ್ಡು ನಿಮ್ಸಕ್ಕೆ ಏನ್ ಬೆಂದಾತು? ಮಗೀಗೆ ಒಟ್ಟೆ ಕೆಟ್ರೆ ಯಾರ್ ಒಣೆ?"

ಒಣಗಿದ್ದನ್ನೇ ಸೀಗಡಿ ಎಂದು ತಿಳಿದವರಿಗೆ, ಒದ್ದೆ ಸೀಗಡಿ ಅರ್ಧಕ್ಕೆ ಬಿಟ್ಟ ಕೆಲಸದ ಹಾಗೆ ಕಂಡಿದೆ. ನಾನು ಬೆಳಿಗ್ಗೆ ಐದಕ್ಕೆದ್ದು ಅರೆದ ಮಸಾಲೆ ಬಚ್ಚಲಿಗೆ ಹೋಗಿತ್ತು. ಒಂದು ಚೂರು ಬಾಯಿಗೆ ಹಾಕಿಕೊಂಡೆ. ಚಪ್ಪಲಿಯ ಉಂಗುಷ್ಠದಂತಿತ್ತು. ದವಡೆ ನೋಯುವವರೆಗೆ ಅಗಿದರೂ ಸೀಳಲಿಲ್ಲ. ಈ ಜನಕ್ಕೆ ಸಮುದ್ರವನ್ನೇ ತಂದುಕೊಟ್ಟರೂ ಬಿಸಿಲಿಗೆ ಹರಡಿಯಾರು ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಆಮೇಲೆ ಮಾನ್ಯಳ ತಟ್ಟೆ ನೋಡಿದೆ. ಮುದ್ದೆ ಮುಗಿದಿತ್ತು. ಅವಳು ಬೆರಳು ನೆಕ್ಕುತ್ತ "ಅಜ್ಜೀ, ಇನ್ನೊಸಿ ಸೀಗಡಿ" ಎಂದು ರತ್ನಮ್ಮನ ಕಡೆ ತಟ್ಟೆ ಚಾಚಿದಳು. ಎರಡನೇ ಸಲವಂತೆ. ಖುಷಿಯಾಗಬೇಕಿತ್ತು. ನನಗಾದದ್ದು ಹೊಟ್ಟೆಕಿಚ್ಚು. ಅದನ್ನು ನುಂಗಿಕೊಂಡು, ಹೇಗಾದರೇನು, ಮೇ ತಿಂಗಳಿಗೆ ಮೊದಲೇ ತಿಂದಳಲ್ಲ ಎಂದು ಅಲ್ಲಿಯೇ ನಿಂತು ಅಮ್ಮನಿಗೆ ವೀಡಿಯೊ ಕರೆ ಮಾಡಿದೆ.

"ಚಟ್ಲಿ ತಿಂದ್ಯಾ ಮಗಾ? ಹೌದಾ?" ಅಮ್ಮನ ಮುಖ ಫೋನಿನ ತುಂಬ ಅರಳಿತು. ಕಣ್ಣಲ್ಲಿ ನೀರು ಬಂದಂತಿತ್ತು. "ನಾಳಿಕೇ ಬಸ್ ಹತ್ತಿ ಬಾ, ದೊಡ್ಡ್ ದೊಡ್ಡ್ದ್ ತಂದ್ ಹುರ್ದ್ ಕೊಡ್ತೆ."

"ಉರ್ಕೊಡದಲ್ಲ ಅಜ್ಜಿ" ಎಂದಳು ಮಾನ್ಯ. "ಮೊದ್ಲು ತೊಳ್ದು, ಗರಗರ ಅನ್ನಗಂಟ ಉರ್ದು, ಬದ್ನೆಕಾಯಿ ಜೊತೆ ಗೊಜ್ಜು ಮಾಡ್ಬೇಕು. ರಜಾಕ್ಕೆ ನಿಮ್ಮೂರಿಗೆ ಬಂದಾಗ ನಾನೇ ಯೋಳ್ಕೊಡ್ತೀನಿ. ನಿಮ್ಮೂರೋರಿಗೆ ಸೀಗಡಿ ಮಾಡಕ್ಕೇ ಬರಲ್ಲ" ಎಂದು ಮೂಗು ಮುರಿದಳು.

ಮಾತು ರತ್ನಮ್ಮನದು. ಮೂಗು ಮುರಿದ ರೀತಿ ಮಾತ್ರ ನನ್ನದೇ, ಮೇಲಿನ ತುಟಿ ಒಂದು ಕಡೆಗೆ ಎಳೆದುಕೊಳ್ಳುವುದೂ ಸೇರಿ. ಐದು ವರ್ಷ ಪ್ರತಿ ಊಟಕ್ಕೂ ನಾನು ಅವಳ ಮುಂದೆ ಕೂತು ಕಲಿಸಿದ್ದು ಅದೊಂದನ್ನೇ.

ಆ ಕಡೆ ಅಮ್ಮ "ಇದ್ ಎಂತ ಹೇಳ್ತ್?" ಎಂದು ನನ್ನನ್ನು ಕೇಳಿದರು. ಈ ಕಡೆ ರತ್ನಮ್ಮ ಏನೂ ಅರಿಯದೆ, "ನಿಮ್ಮಮ್ಮಂಗೂ ಒಂದ್ ಪಾವು ಸೀಗಡಿ ಕಳಿಸವಾ?" ಎಂದು ಕೇಳಿದರು. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಇಬ್ಬರಿಗೂ ನನ್ನಿಂದ ಉತ್ತರ ಬೇಕಿತ್ತು; ಯಾವ ಊರಿನವಳಾಗಿ ಬಾಯಿ ತೆರೆಯಲಿ ಎಂದುಕೊಳ್ಳುತ್ತ, ಮಾನ್ಯ ಚಾಚಿದ್ದ ತಟ್ಟೆಗೆ ಇನ್ನೊಂದು ಸೌಟು ಗೊಜ್ಜು ಬಡಿಸಿದೆ.