ಕಡೆಗೋಲಿನ ಹಿಡಿ

ಐವತ್ತರ ದಶಕದಲ್ಲಿ ನಾನು ಬೊಂಬಾಯಿಯ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ತರಕಾರಿ ಹೆಚ್ಚುತ್ತಿದ್ದೆ. ನನ್ನ ಚೂರಿಯನ್ನು ಬೇರೆಯವರು ಮುಟ್ಟಿದರೆ ಮೈಯೆಲ್ಲ ಉರಿಯುತ್ತಿತ್ತು. ಇಡೀ ದಿನ ನೀರಲ್ಲಿ ನೆನೆದು ಅದರ ಹಿಡಿ ಒಮ್ಮೆ ಸೀಳಿಹೋಯಿತು. ಹೊಸ ಹಿಡಿಗೆ ಮರ ನನ್ನ ಟ್ರಂಕಿನಲ್ಲೇ ಇತ್ತು: ಅಮ್ಮ ತೀರಿಕೊಂಡಾಗ ಊರಿಂದ ತಂದ ಅವಳ ಕಡೆಗೋಲು. ಅವಳ ಕೈಯಲ್ಲಿ ತಿರುಗಿ ತಿರುಗಿ ನುಣುಪಾಗಿತ್ತು. ಮೂಗಿಗೆ ಹಿಡಿದರೆ ಹುಳಿ ಮಜ್ಜಿಗೆಯ ವಾಸನೆ. ಟ್ರಂಕಿನಲ್ಲಿ ಕೊಳೆಯುವುದಕ್ಕಿಂತ ದಿನವೂ ಕೈಯಲ್ಲಿರಲಿ ಎನಿಸಿತು.

ಬಾಂದ್ರಾದ ನಮ್ಮ ಚಾಳಿನಲ್ಲಿ ಪಕ್ಕದ ಖೋಲಿಯವರು ಧಾರವಾಡ ಕಡೆಯ ಬಡಗಿ. ಅವರೇ ಕಡೆಗೋಲು ಕೊಯ್ದು ಹಿಡಿ ಮಾಡಿದರು.

"ಬರೀ ಕಟಗಿ ನೀರಾಗ ತಾಳಂಗಿಲ್ರಿ ಅಣ್ಣಾರ. ಅಗಸಿ ಎಣ್ಣಿಯೊಳಗ ಎಂಟ ದಿನ ಇಡೂಣು. ಒಣಗಿ ಗಟ್ಟಿ ಆಗತೈತಿ."

"ವಾಸನೆ ಹೋಗ್ತದಲ್ಲ ಮಾರಾಯ್ರೆ?"

"ಹೋಗತೈತ್ರಿ. ವಾಸನಿ ಬೇಕೋ, ಹಿಡಿ ಬೇಕೋ, ನೀವ ಹೇಳ್ರಿ."

ನನಗೆ ಸಿಟ್ಟು ಬಂತು. ಅಮ್ಮನ ಮರಕ್ಕೆ ಇವರ ಅಗಸೆ ಎಣ್ಣೆಯೇ? ನಮ್ಮ ಕಡೆ ತಲೆಗೂ ಒಗ್ಗರಣೆಗೂ ತೆಂಗಿನೆಣ್ಣೆ. ಮರಕ್ಕೆ ಮಾತ್ರ ಆಗದೇ? ಮಹಾ ಬುದ್ಧಿವಂತನ ಹಾಗೆ ಎಂಟು ದಿನ ತೆಂಗಿನೆಣ್ಣೆಯಲ್ಲೇ ಅದ್ದಿಟ್ಟೆ.

ತೆಂಗಿನೆಣ್ಣೆ ಮರದೊಳಗೆ ಒಣಗುವುದೇ ಇಲ್ಲ ಎಂದು ನನಗೇನು ಗೊತ್ತು! ಹಿಡಿ ಸದಾ ಜಾರುತ್ತಿತ್ತು. ತಿಂಗಳೊಳಗೆ ಮುಗ್ಗಿದ ಕೊಬ್ಬರಿಯ ನಾತ. ಕೊನೆಗೆ ಸಾಂಬಾರಿನ ಕುಂಬಳಕಾಯಿ ಹೆಚ್ಚುವಾಗ ಚೂರಿ ಜಾರಿ ಹೆಬ್ಬೆರಳು ಕೊಯ್ದುಕೊಂಡೆ. ಬೆರಳಿನ ನೋವು ಏನೂ ಅಲ್ಲ, ಉಳಿಸಲು ಹೋಗಿ ಆ ವಾಸನೆಯನ್ನು ನಾನೇ ಕಳೆದೆನಲ್ಲ!

ಬ್ಯಾಂಡೇಜು ಕಟ್ಟಿದ ಕೈಯಲ್ಲೇ ಹಿಡಿಯನ್ನು ಬಡಗಿಯವರ ಮುಂದಿಟ್ಟೆ. ಅವರು ನಗಲಿಲ್ಲ. ಒಂದು ವಾರ ಬಿಸಿ ಬೂದಿಯಲ್ಲಿ ಹೂತು ಜಿಡ್ಡು ಇಳಿಸಿದರು. ಮುಂದಿನ ಭಾನುವಾರ ಗಾಜಿನ ಚೂರಿನಿಂದ ಮೇಲ್ಪದರ ಕೆರೆಯುತ್ತಿದ್ದವರು ತಟ್ಟನೆ ನಿಲ್ಲಿಸಿ, ಹಿಡಿಯನ್ನು ನನ್ನ ಮೂಗಿನ ಹತ್ತಿರ ತಂದರು.

"ನೋಡ್ರಿ, ಒಳಗ ಇನ್ನೂ ಐತಿ."

ಇತ್ತು. ಸಣ್ಣಗೆ, ಹುಳಿಯಾಗಿ, ಅಮ್ಮನ ಅಡುಗೆಮನೆಯೇ. ಪಕ್ಕದಲ್ಲಿ ಅಗಸೆ ಎಣ್ಣೆಯ ಡಬ್ಬಿ ತೆರೆದಿತ್ತು. "ಬ್ಯಾಡಂದ್ರ ಹಂಗ ಒಯ್ರಿ. ಟ್ರಂಕಿನ್ಯಾಗ ಇಟಗೋರಿ," ಎಂದರು ಅವರು.

ಹೆಚ್ಚು ಹೊತ್ತು ಇಟ್ಟುಕೊಂಡರೆ ಮನಸ್ಸು ಬದಲಾಗುತ್ತದೆಂದು ಹೆದರಿ ನಾನೇ ಅದನ್ನು ಎಣ್ಣೆಗೆ ಇಳಿಸಿದೆ. ಗುಳ್ಳೆಗಳು ಮೇಲೆ ಬಂದವು. ಅಂದು ಸಾವಿನ ತಂತಿ ಸಿಕ್ಕಿ, ಸ್ಟೀಮರ್ ಹಿಡಿದು ನಾನು ಊರು ಮುಟ್ಟುವಷ್ಟರಲ್ಲಿ ಅಮ್ಮನ ಚಿತೆ ಆರಿತ್ತು. ಅಲ್ಲಿ ನನಗೆ ಅಳು ಬಂದಿರಲಿಲ್ಲ. ಆ ಡಬ್ಬಿಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತೆ.