ಮೊದಲರ್ಧ ನೋಡದೆ ಬರೆದ ವರದಿ

ಗೆದ್ದರೆ ಆಟಗಾರರಿಗೆ ಹಾರ, ಸೋತರೆ ಮ್ಯಾನೇಜರರಿಗೆ ಬೈಗುಳ ಎಂಬುದು ಹಾಕಿ ಆಡಳಿತದ ಹಳೆಯ ನ್ಯಾಯ. ಅಂಥ ಕ್ಷೇತ್ರದಲ್ಲಿ ಹದಿನೆಂಟು ವರ್ಷ ಬೈಗುಳವನ್ನು ತಾವು ನುಂಗಿ, ಹಾರವನ್ನು ಇತರರ ಕೊರಳಿಗೆ ದಾಟಿಸಿದ ನಮ್ಮ ಮ್ಯಾನೇಜರ್ ಸಾಹೇಬರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರ ಕುರಿತು ಬರೆಯಬೇಕೆಂದು ಕ್ಲಬ್ಬಿನ ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿ ಕೇಳಿತು. "ಆ ಗೋಡೆಯ ಪ್ರಸಂಗ ಒಂದು ಬೇಡ" ಎಂದೂ ಸೇರಿಸಿತು. ಮಂಡಳಿಯವರು ಕ್ಷಮಿಸಬೇಕು, ನನಗೆ ಬರೆಯಲಿಕ್ಕಿರುವುದು ಅದೊಂದೇ.

ಅವರು ಅಧಿಕಾರ ವಹಿಸಿಕೊಂಡಾಗ ತಂಡ ಪಟ್ಟಿಯ ತಳದಲ್ಲಿತ್ತು. ಹಿಂದಿನವರು ಬಿಟ್ಟುಹೋದ ಇಪ್ಪತ್ತನಾಲ್ಕು ಆಟಗಾರರಲ್ಲಿ ಯಾರನ್ನು ಉಳಿಸಿಕೊಂಡು ಯಾರನ್ನು ಕಳಿಸಿ ಹೊಸ ತಂಡ ಕಟ್ಟಬೇಕೆಂಬುದು ತಿಂಗಳೊಳಗೆ ತೀರ್ಮಾನವಾಗಬೇಕಿತ್ತು. "ಬೇರೆಯವರು ಕಟ್ಟಿದ ಮನೆಗೆ ಬಂದಿದ್ದೀವಮ್ಮ. ಯಾವ ಕಂಬ ಏನು ಹೊತ್ತಿದೆ ಅಂತ ನೋಡದೆ ಕೀಳಬಾರದು" ಎಂದು, ವಿಡಿಯೊ ನೋಡಿ ವರದಿ ಬರೆಯುವ ಕೆಲಸವನ್ನು ಅವರ ಸಹಾಯಕಿಯಾಗಿದ್ದ ನನಗೆ ವಹಿಸಿದರು. ತಂಡ ಆಡಿದ ಹಿಂದಿನ ಹತ್ತು ಪಂದ್ಯ, ಮೊದಲ ಸೀಟಿಯಿಂದ ಕೊನೆಯ ಸೀಟಿಯವರೆಗೆ: ಅದು ಅವರ ಕ್ರಮ.

ಆ ವಾರ ನನ್ನ ಮಗಳು ಜ್ವರದಿಂದ ಮಲಗಿದ್ದಳು. ನಾಲ್ಕು ಗಂಟೆಯಾದರೆ ಸಾಹೇಬರು ಬಾಗಿಲಲ್ಲಿ ನಿಂತು, "ವಿಡಿಯೊಗೇನು ಜ್ವರ ಬರಲ್ಲ, ನೀನು ಮನೆಗೆ ನಡಿ. ಬೇಕಾದ್ರೆ ಇನ್ನೊಂದು ವಾರ ತಗೋ" ಎನ್ನುತ್ತಿದ್ದರು. ಹೆಚ್ಚು ದಿನ ಕೇಳಿದರೆ ಕೈಲಾಗದವಳು ಎಂದಾರೆಂಬ ಅಂಜಿಕೆ ನನಗೆ. ಗೋಲು ಬೀಳುವುದು ಕೊನೆಯಲ್ಲೇ ತಾನೆ ಎಂದುಕೊಂಡು ಹತ್ತೂ ಪಂದ್ಯಗಳ ಎರಡನೆಯರ್ಧವನ್ನಷ್ಟೇ ನೋಡಿದೆ. ಎಲ್ಲರೂ 'ಗೋಡೆ' ಎಂದು ಕರೆಯುತ್ತಿದ್ದ ಡಿಫೆಂಡರ್ ಬಗ್ಗೆ "ಕಾಲು ಸೋತಿದೆ, ಬಿಡಬಹುದು" ಎಂದು ಬರೆದುಕೊಟ್ಟೆ. ನನ್ನನ್ನು ನಂಬಿ ಸಾಹೇಬರು ಸಹಿ ಹಾಕಿದರು.

ಗೋಡೆ ಹೋದ ಮೇಲೆ ಗೋಲುಗಳು ಜರಡಿಯಲ್ಲಿ ನೀರು ಸೋರಿದಂತೆ ಸೋರಿದವು. ಸಾಹೇಬರು ಹಳೆಯ ವಿಡಿಯೊಗಳನ್ನು ತಾವೇ ಕೂತು ನೋಡಿ, ನನ್ನನ್ನು ಕರೆದರು. ಪರದೆಯ ಮೇಲೆ ಮೊದಲರ್ಧ ಓಡುತ್ತಿತ್ತು. ಮಂಡಿ ನೋವಿನ ನಾಯಕನ ಜಾಗವನ್ನೂ ತನ್ನ ಜಾಗವನ್ನೂ ಆತನೊಬ್ಬನೇ ಕಾಯುತ್ತಿದ್ದ. ಇಬ್ಬರ ಓಟ ಓಡಿದವನು ಕೊನೆಗೆ ದಣಿದದ್ದನ್ನೇ ನಾನು ದೋಷವೆಂದು ಬರೆದಿದ್ದೆ.

"ಇದನ್ನ ನೋಡಿದ್ದೇನಮ್ಮ?"

"ಇಲ್ಲ ಸರ್."

ವಿಡಿಯೊ ನಿಲ್ಲಿಸಿ, "ಮಗು ಈಗ ಹುಷಾರಾಗಿದೆಯಾ?" ಎಂದರು.

ಅಭಿಮಾನಿಗಳ ಸಭೆಯಲ್ಲಿ "ಗೋಡೆ ಒಡೆದೋನು ಯಾರಪ್ಪಾ?" ಎಂದು ಕೂಗೆದ್ದಾಗ, "ಸಹಿ ನಂದೇ, ಬೈಯೋದಿದ್ರೆ ನನಗೇ ಬೈಯಿರಿ" ಎಂದರು. ಹಿಂದಿನ ಸಾಲಿನಲ್ಲಿದ್ದ ನಾನು ತಲೆ ಎತ್ತಲಿಲ್ಲ. ಅಂದಿನಿಂದ ಪ್ರತಿ ಸೋಲಿಗೂ 'ಗೋಡೆ ಒಡೆದೋನು' ಎಂಬ ಮಾತು ಅವರ ಬೆನ್ನು ಹತ್ತಿತು, ನನ್ನ ಕೆಲಸ ಉಳಿಯಿತು.

ಕಳೆದ ತಿಂಗಳು ಸಾಹೇಬರ ಬೀಳ್ಕೊಡುಗೆ ಪಂದ್ಯಕ್ಕೆ ಗೋಡೆ ಬಂದಿದ್ದರು. "ಅಕ್ಕಾ, ಸಾಹೇಬರು ನನ್ನಲ್ಲಿ ಏನು ಕೊರತೆ ಕಂಡರು? ನೀವಾದರೂ ಹೇಳಿ" ಎಂದರು. ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಂದೆ.

ತಮ್ಮಾ, ಕೊರತೆ ನಿಮ್ಮಲ್ಲಿರಲಿಲ್ಲ, ಸಾಹೇಬರಲ್ಲೂ ಇರಲಿಲ್ಲ. ಅದು ನನ್ನದು.

ಸಾಹೇಬರು ನೂರ್ಕಾಲ ಬಾಳಲಿ. ಇನ್ನು ಮುಂದೆ ಮಕ್ಕಳ ತಂಡ ಕಟ್ಟುತ್ತಾರಂತೆ. ನನ್ನಿಂದ ಜಾಗ ಕಳೆದುಕೊಂಡ ಗೋಡೆಯವರು ಇದನ್ನು ಓದಿದ ಮೇಲೂ ನನ್ನನ್ನು ಕ್ಷಮಿಸಿ ಒಪ್ಪಿದರೆ, ಆ ಮಕ್ಕಳ ಪಂದ್ಯಗಳ ವಿಡಿಯೊ ನೋಡುವ ಕೆಲಸ ನನಗೇ ಇರಲಿ. ಮೊದಲ ಸೀಟಿಗೂ ಮುಂಚೆಯೇ ಬಂದು ಕೂತಿರುತ್ತೇನೆ.